ಕೊಸರಿಗೆ ಕೊಟ್ಟ ಬಸಳೆ

ಬಿಸಿಲು ಏರುವ ಮೊದಲೇ ಬಂಗಡೆಯನ್ನೆಲ್ಲ ಮಗುಚಿ ಹಾಕಬೇಕು. ಜಯಂತಿ ಅಂಗಳದಲ್ಲಿ ಹಾಸಿದ ಹಳೆಯ ಬಲೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಉಪ್ಪು ಹಾಕಿದ ಮೀನುಗಳನ್ನು ಒಂದೊಂದಾಗಿ ತಿರುವಿ ಇಡುತ್ತಿದ್ದಳು. ಒಂದು ಕಣ್ಣು ಮೀನಿನ ಮೇಲೆ, ಒಂದು ಕಣ್ಣು ಕಾಗೆಯ ಮೇಲೆ. ಗೋಡೆಯ ಬದಿಗೆ ಸಾಲಾಗಿ ಇಟ್ಟ ಥರ್ಮೋಕೋಲ್ ಪೆಟ್ಟಿಗೆಗಳ ಕಡೆ ನೋಡಲು ಮಾತ್ರ ಅವಳಿಗೆ ಧೈರ್ಯ ಬರಲಿಲ್ಲ.

ಆದರೂ ನೋಡಿದಳು.

ನಿನ್ನೆ ಸಂಜೆ ನೆಟ್ಟಗೆ ನಿಂತಿದ್ದ ಬದನೆ ಸಸಿಗಳು ಕತ್ತು ಬಗ್ಗಿಸಿ ಮಲಗಿದ್ದವು. ಎಲೆಯ ಅಂಚೆಲ್ಲ ಬೀಡಿ ತಾಗಿಸಿದ ಹಾಗೆ ಸುಟ್ಟಿತ್ತು.

"ಇದೂ ಹೋತು!" ಕೈಯಲ್ಲಿದ್ದ ಬಂಗಡೆಯನ್ನು ಬಲೆಯ ಮೇಲೆ ಕುಕ್ಕಿದಳು.

ಒಳಗಿಂದ ಅವಳ ತಾಯಿ ಗಣಪಿ ಇಣುಕಿದಳು. "ಆ ಮೀನು ಎಂತ ಮಾಡ್ತು ನಿಂಗೆ? ಸತ್ತದ್ದನ್ನು ಮತ್ತೆ ಕೊಲ್ತೆ."

"ಆಯೀ, ನನ್ನ ಕೈಯೇ ಸರಿ ಇಲ್ಲ."

"ಕೈ ಸರಿ ಇಲ್ಲದಿದ್ರೆ ಈ ಬಾಡ ಊರಿನ ಕಡಲಬೇಲೆಯಲ್ಲಿ ನಿನ್ನಷ್ಟು ಚಂದ ಮೀನು ಕೊಯ್ಯೂದು ಯಾರು?"

"ಕೊಯ್ಯೂದಕ್ಕೆ ಸರಿ ಇದೆ. ನೆಡೂಕೆ ಇಲ್ಲ."

ಬದನೆ ಹೋಯಿತು, ಅದಕ್ಕೂ ಮೊದಲು ಟೊಮೆಟೊ, ಅದಕ್ಕೂ ಮೊದಲು ಮೆಣಸು. ಗದ್ದೆ ಕೊಯ್ಲು ಮುಗಿದಾಗಿನಿಂದ ಪ್ರತಿ ಸಂತೆಗೂ ಒಂದು ಕಟ್ಟು ಸಸಿ ತರುವುದು, ನೆಡುವುದು, ಅದರ ಸಾವು ನೋಡುವುದು. ಪ್ರತಿ ಸಲ ಸಸಿ ಬಾಡಿದಾಗಲೂ ಜಯಂತಿಯ ಕಣ್ಣು ಒಳಗಿನ ಗೋಡೆಯ ಕ್ಯಾಲೆಂಡರಿನ ಕಡೆಗೆ ಹೋಗುತ್ತಿತ್ತು. ಅದರ ಹಿಂದೆ ಒಂದು ಕವರಿತ್ತು. ವಿಳಾಸ ಬರೆದು, ಸ್ಟಾಂಪ್ ಹಚ್ಚಿ, ಬಾಯಿ ಅಂಟಿಸದೆ ಇಟ್ಟ ಕವರು. ಒಳಗಿನ ಕಾಗದದಲ್ಲಿ ಇದ್ದದ್ದು ಇಷ್ಟೇ: ಕುಪ್ಪಾ, ನೀನು ಕೇಳಿದ್ದಕ್ಕೆ ಒಪ್ಪಿದ್ದೇನೆ. ಬರುತ್ತೇನೆ. ಜಯಂತಿ.

ಒಂದೇ ಒಂದು ಸಸಿ ತನ್ನ ಕೈಯಲ್ಲಿ ಬದುಕಿದರೆ ಕಾಗದ ಡಬ್ಬಿಗೆ ಹಾಕುವುದು ಎಂದು ಅವಳು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು.

*

ಕುಪ್ಪನ ಪರಿಚಯವಾದದ್ದು ಜಗಳದಿಂದಲೇ. ಹೋದ ವರ್ಷ ಕುಮಟೆಯ ಸಂತೆಯಲ್ಲಿ ಅವಳ ಒಣಮೀನಿನ ಬುಟ್ಟಿಯ ಪಕ್ಕಕ್ಕೇ ಬಂದು ಗೋಣಿ ಹಾಸಿದ. ಹೊನ್ನಾವರದ ಆಚೆ ಗುಡ್ಡದ ಬುಡದ ಕೇರಿಯವನು. ಬಾಳೆಪಟ್ಟೆಯಲ್ಲಿ ಸುತ್ತಿದ ಸಸಿಯ ಕಟ್ಟುಗಳನ್ನು ಮಗು ಮಲಗಿಸುವ ಹಾಗೆ ಸಾಲಾಗಿ ಮಲಗಿಸಿ, ಮೂಗು ಮುಚ್ಚಿಕೊಂಡ.

"ಮಾರಾಯ್ತಿ, ನಿನ್ನ ಮೀನಿನ ನಾತಕ್ಕೆ ನನ್ನ ಸಸಿ ಬಾಡ್ತದೆ."

"ನಿನ್ನ ಸಸಿ ಅಷ್ಟು ನಾಜೂಕಾದ್ರೆ ಅತ್ತರಿನ ಅಂಗಡಿ ಪಕ್ಕ ಕುಂತ್ಕೋ."

ಅವನು ಮೂಗಿನಿಂದ ಕೈ ತೆಗೆದು ನಕ್ಕ. ನಗುವಾಗ ಅವನ ಒಂದು ಹುಬ್ಬು ಮೇಲೇರಿ ಅಲ್ಲೇ ನಿಲ್ಲುತ್ತಿತ್ತು. ಇಳಿಯುವುದನ್ನೇ ಜಯಂತಿ ಕಾಯುತ್ತ ಕೂತಳು. ಅವತ್ತು ಗಿರಾಕಿಯೊಬ್ಬಳಿಗೆ ಚಿಲ್ಲರೆ ಕೊಡುವುದೇ ಮರೆತುಹೋಯಿತು.

ಮುಂದಿನ ವಾರ ಅವನು ಮೂಗು ಮುಚ್ಚಲಿಲ್ಲ. ಅದರ ಮುಂದಿನ ವಾರ ಅವಳ ಬುಟ್ಟಿಯ ಮೇಲೆ ಬಿಸಿಲು ಬೀಳದ ಹಾಗೆ ತನ್ನ ಕೊಡೆಯನ್ನು ಇತ್ತ ವಾಲಿಸಿದ. ಸಸಿ ಆರಿಸುವುದನ್ನು ಹೇಳಿಕೊಟ್ಟದ್ದೂ ಅವನೇ.

"ಉದ್ದ ಬೆಳದದ್ದನ್ನು ಕಂಡು ಮರುಳಾಗೂಕಾಗ. ಅದು ನೆರಳಲ್ಲಿ ಬೆಳಕು ಹುಡುಕಿ ಎದ್ದದ್ದು, ಕಾಲಿಗೆ ಬಲ ಇಲ್ಲ. ಗಿಡ್ಡ ಇರ್ಬೇಕು, ದಂಟು ದಪ್ಪ ಇರ್ಬೇಕು."

ಜಯಂತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನು ಅವಳಿಗಿಂತ ಒಂದು ಗೇಣು ಕುಳ್ಳ.

"ಸಸಿ ಬಗ್ಗೆ ಹೇಳ್ತ್ಯೋ, ನಿನ್ನ ಬಗ್ಗೆ ಹೇಳ್ತ್ಯೋ?"

ಅವನ ಕಿವಿ ಕೆಂಪು ಹರಿವೆ ಸೊಪ್ಪಿನ ಬಣ್ಣಕ್ಕೆ ತಿರುಗಿತು. "ಎರಡೂ ಒಂದೇ ಪಾತಿಯದ್ದು," ಎಂದ.

ಈ ವರ್ಷದ ಮೊದಲ ಸಂತೆಯಲ್ಲಿ ಅವನು ಕೇಳಿಯೇ ಬಿಟ್ಟ. ಅವಳು ಮೆಣಸಿನ ಸಸಿ ತೆಗೆದುಕೊಂಡಿದ್ದಳು. ಕೊಸರಿಗೆ ಎಂದು ಅವನು ಒಂದು ಬಸಳೆಯ ತುಂಡನ್ನು ಕಟ್ಟಿನೊಳಗೆ ತುರುಕಿದ. ತುರುಕುತ್ತಲೇ, ತಲೆ ಎತ್ತದೆ, "ನಮ್ಮನೆಗೆ ಬತ್ತ್ಯಾ ಜಯಂತಿ? ಪೂರಾ?" ಎಂದ.

ಸುತ್ತ ನೂರು ಕಿವಿ. ಅವಳು ಬುಟ್ಟಿಯ ಮೀನನ್ನು ಎಣಿಸತೊಡಗಿದಳು.

"ಬಾಯಲ್ಲಿ ಹೇಳೂಕೆ ಆಗದಿದ್ರೆ ಬರ್ದು ಹಾಕು," ಎಂದು ಅವನೇ ದಾರಿ ತೋರಿಸಿದ. "ನಮ್ಮ ಕೇರಿಗೆ ನೆಟ್‌ವರ್ಕ್ ಬರೂದಿಲ್ಲ. ಪೋಸ್ಟ್‌ಮನ್ ಬತ್ತ." ಆಮೇಲೆ ಅವಳನ್ನು ನಗಿಸಲಿಕ್ಕೆಂದು ಒಂದು ಮಾತು ಸೇರಿಸಿದ. "ನಮ್ಮಲ್ಲಿ ಹೊಸ ಸೊಸೆ ಬಂದ ವರ್ಷ ಮನೆ ಹಿತ್ತಲಿನ ತರಕಾರಿ ಪೂರಾ ಅವಳ ಕೈಯಲ್ಲೇ ನೆಡ್ಸೂದು. ಕೈಗುಣ ನೋಡೂಕೆ. ಅವ್ವಿ ಹೇಳ್ತದೆ, ಮೀನು ಹಿಡ್ಯೂ ಕೈಗೆ ಗಿಡ ಹತ್ತೂದುಂಟಾ ಅಂತ!"

ಅವನು ನಕ್ಕ. ಹುಬ್ಬು ಮೇಲೇರಿತು. ಜಯಂತಿಯೂ ನಕ್ಕಳು. ಆದರೆ ಆ ಮಾತು ಬಂಗಡೆಯ ಮುಳ್ಳಿನ ಹಾಗೆ ಗಂಟಲಲ್ಲಿ ಅಡ್ಡ ನಿಂತಿತು. ಎಷ್ಟು ಅನ್ನದ ತುತ್ತು ನುಂಗಿದರೂ ಇಳಿಯಲಿಲ್ಲ. ಆ ಮನೆಯ ಹಿತ್ತಲಲ್ಲಿ, ಕೇರಿಯ ಹೆಂಗಸರೆಲ್ಲ ಸುತ್ತ ನಿಂತಿರುವಾಗ, ತಾನು ನೆಟ್ಟದ್ದೆಲ್ಲ ಸತ್ತರೆ? ಅವನ ತಾಯಿ ಹೊನ್ನಿ ಏನೂ ಹೇಳದೆ ಸುಮ್ಮನೆ ನೋಡಿದರೆ?

ಮೊದಲು ಇಲ್ಲಿ ಬೆಳೆಸುತ್ತೇನೆ, ಆಮೇಲೆ ಅಲ್ಲಿ ನೆಡುತ್ತೇನೆ ಎಂದುಕೊಂಡಳು. ಮನೆಗೆ ಬಂದು ಮೆಣಸಿನ ಸಸಿಗಳನ್ನು ದೇವರ ಹಾಗೆ ಪೆಟ್ಟಿಗೆಯಲ್ಲಿ ಪ್ರತಿಷ್ಠೆ ಮಾಡಿದಳು. ಬಸಳೆಯ ತುಂಡನ್ನು, ಬೇಡದ್ದು ಎಂದು, ಬಚ್ಚಲ ಹಿಂದಕ್ಕೆ ಎಸೆದಳು.

*

ಇವತ್ತು ಸಂತೆ. ಜಯಂತಿ ಸತ್ತ ಬದನೆ ಸಸಿಗಳನ್ನು ಬುಡಸಮೇತ ಕಿತ್ತು, ಪ್ಲಾಸ್ಟಿಕ್ ಕೊಟ್ಟೆಚೀಲಕ್ಕೆ ಹಾಕಿಕೊಂಡು ಕುಮಟೆಯ ಬಸ್ಸು ಹತ್ತಿದಳು.

ಕುಪ್ಪನ ಎದುರಿಗೆ ಕನ್ನಡಕದ ಹೆಂಗಸೊಬ್ಬಳು ಕೂತು ಸಸಿ ಆರಿಸುತ್ತಿದ್ದಳು. ಜಯಂತಿ ಕೊಟ್ಟೆಯನ್ನು ಗೋಣಿಯ ಮೇಲೆ ಸುರಿದಳು.

"ಅಕ್ಕಾ, ತಕಳ್ಬೇಡಿ. ನೆಟ್ಟ ವಾರದೊಳಗೆ ಹೀಂಗೆ ಆತದೆ."

ಹೆಂಗಸು ಒಣಗಿದ ಸಸಿಗಳನ್ನು ನೋಡಿದಳು, ಕುಪ್ಪನನ್ನು ನೋಡಿದಳು, ಕೈಯಲ್ಲಿದ್ದ ಕಟ್ಟನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ಹೋದಳು.

ಕುಪ್ಪನ ಹುಬ್ಬು ಏರಲಿಲ್ಲ. "ಎಂತ ಮಾಡ್ದೆ ಜಯಂತಿ?"

"ಇದ್ದದ್ದು ಹೇಳ್ದೆ."

"ಇಡೀ ಕುಮಟೆ ನನ್ನ ಸಸಿ ನೆಡ್ತದೆ. ಸಾಯೂದು ನಿಮ್ಮನೆಯಲ್ಲಿ ಮಾತ್ರ." ಅವನು ಒಂದು ಸತ್ತ ಸಸಿಯನ್ನು ಎತ್ತಿ ಬೇರು ನೋಡಿದ. "ಬುಡಕ್ಕೆ ಎಂತ ಹಾಕ್ತೆ?"

"ಎಂತಾ ಇಲ್ಲ. ನೀರು."

ಅದು ಪೂರ್ತಿ ನಿಜವಲ್ಲ. ಆದರೆ ಬೇಲೆಯ ಮನೆಗಳಲ್ಲಿ ತೆಂಗಿಗೆ ಏನು ಹಾಕುತ್ತೇವೆ ಎಂದು ಹೊರಗಿನವರಿಗೆ ಯಾರೂ ಹೇಳುವುದಿಲ್ಲ. ಗೊಬ್ಬರದ ಗುಟ್ಟು ಬಿಟ್ಟುಕೊಟ್ಟರೆ ಮರದ ಕಾಯಿ ಹೋಗುತ್ತದೆ ಎಂದು ಗಣಪಿಯ ನಂಬಿಕೆ.

"ಸಸಿ ಹೋಗ್ಲಿ," ಎಂದ ಕುಪ್ಪ. ದನಿ ತಗ್ಗಿತ್ತು, ಸಿಟ್ಟು ತಗ್ಗಿರಲಿಲ್ಲ. "ವಾರ ವಾರ ಬತ್ತೆ. ಬದನೆ ಕೊಡು ಅಂತೆ, ಮೆಣಸು ಕೊಡು ಅಂತೆ, ಜಗಳ ಮಾಡ್ತೆ, ಹೋತೆ. ನಾನು ಕೇಳಿದ್ದಕ್ಕೆ ಒಂದು ಮಾತು ಇಲ್ಲ. ಪೋಸ್ಟ್‌ಮನ್ ಸೈಕಲ್ ಬೆಲ್ ಕೇಳಿದ್ರೆ ಗದ್ದೆಯಿಂದ ಓಡಿ ಬತ್ತೆ ನಾನು. ಕರೆಂಟ್ ಬಿಲ್ಲು ಕೊಟ್ಟು ಹೋತ ಅವ. ಕೇರಿಯವರು ನಗ್ತ್ರು, ಕುಪ್ಪನಿಗೆ ಕರೆಂಟ್ ಬಿಲ್ ಅಂದ್ರೆ ಜೀವ ಅಂತ."

ಜಯಂತಿಗೆ ನಗು ಬಂತು. ನಗಬಾರದಿತ್ತು.

"ನಗು, ನಗು. ಮುಂದಿನ ವಾರದಿಂದ ನಾನು ಬರೂದಿಲ್ಲ. ನಾಟಿ ಮುಗೀತು. ಇನ್ನು ಮಳೆಗಾಲ ಕಳೆದ ಮೇಲೇ ಸಸಿ." ಅವನು ಬಾಳೆಪಟ್ಟೆಯನ್ನು ಬಿಗಿದು ಗಂಟು ಹಾಕಿದ. "ಅವ್ವಿ ಹುಣ್ಣಿಮೆ ಕಳ್ದ ಮೇಲೆ ಇಡಗುಂಜಿ ದೇವಸ್ಥಾನಕ್ಕೆ ಹೋತದೆ, ನನ್ನ ಮದುವೆಗೆ ದೇವರ ಒಪ್ಪಿಗೆಯ ಪ್ರಸಾದ ಕೇಳೂಕೆ. ದೇವರ ಮುಂದೆ ಒಂದು ಹೆಸರು ಹೇಳ್ಬೇಕಲ್ಲ. ಯಾರ ಹೆಸರು ಹೇಳೂದೋ ಅಂತ ಕೇಳ್ತದೆ. ಎಂತ ಹೇಳ್ಲಿ ನಾನು? ನಾ ಹೇಳದಿದ್ರೆ ಅದೇ ಯಾವುದೋ ಒಂದು ಹೆಸರು ಹೇಳ್ತದೆ."

ಜಯಂತಿಗೆ ಹೇಳಬೇಕೆನಿಸಿತು. ಬಾಯಿ ತೆರೆದಳು. ಬಾಯಿಂದ ಬಂದದ್ದು ಮಾತ್ರ, "ಇನ್ನೊಂದು ಕಟ್ಟು ಬದನೆ ಕೊಡು. ಇದೊಂದ್ಸಲ."

ಕುಪ್ಪ ಅವಳನ್ನೇ ನೋಡಿದ. ಆಮೇಲೆ ಕಟ್ಟುಗಳನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡ.

"ಸಾಯ್ಸೂಕೆ ನನ್ನಲ್ಲಿ ಸಸಿ ಇಲ್ಲ."

*

ಮನೆಗೆ ಬಂದವಳೇ ಪೆಟ್ಟಿಗೆಯೊಂದನ್ನು ಕಾಲಿನಿಂದ ಒದ್ದಳು. ಥರ್ಮೋಕೋಲ್ ಬಿರಿದು ಮಣ್ಣು ಅಂಗಳಕ್ಕೆ ಚೆಲ್ಲಿತು. ಒಣಗಿದ ಮಣ್ಣಿನ ಮೇಲ್ಮೈಗೆ ಏನೋ ಬಿಳಿಯದು ಹರಳುಗಟ್ಟಿತ್ತು. ಮೀನಿಗೆ ಉಪ್ಪು ಹಾಕುವ ಡ್ರಮ್ಮಿನ ಅಂಚಿಗೆ ಹತ್ತಿದ ಹಾಗೆಯೇ.

ಬೆರಳಿನಿಂದ ಕೆರೆದು ನಾಲಿಗೆಗೆ ಇಟ್ಟುಕೊಂಡಳು.

ಹುಟ್ಟಿದಾಗಿನಿಂದ ಗಾಳಿಯಲ್ಲಿ, ಕೂದಲಲ್ಲಿ, ಸೀರೆಯ ಸೆರಗಿನಲ್ಲಿ ಇದ್ದ ರುಚಿ. ಉಪ್ಪಿನಲ್ಲೇ ಬಾಳುವವರಿಗೆ ಉಪ್ಪು ಎಲ್ಲಿ ಕಾಣುತ್ತದೆ? ದಿನಾ ಬೆಳಿಗ್ಗೆ ಒಣಮೀನು ಮಗುಚಿದ ಮೇಲೆ ಬಲೆಯಲ್ಲಿ ಉಳಿದ ಪುಡಿಯನ್ನೆಲ್ಲ ಗುಡಿಸಿ, ಮುಷ್ಟಿ ಮುಷ್ಟಿ ಸಸಿಯ ಬುಡಕ್ಕೆ ಹಾಕುತ್ತಿದ್ದಳು. ಸಸಿ ಬಾಡಿದಷ್ಟೂ ಪಾಪ ಹಸಿದಿದೆ ಎಂದು ಇನ್ನೊಂದು ಮುಷ್ಟಿ.

"ಆಯೀ!" ಎಂದು ಕೂಗಿದಳು. "ಮೀನಿನ ಪುಡಿಯಲ್ಲಿ ಉಪ್ಪು!"

ಗಣಪಿ ಹೊರಗೆ ಬಂದಳು. "ಅದ್ಕೇ ತೆಂಗಿನ ಮರ ಅಷ್ಟು ಕಾಯಿ ಬಿಡೂದು."

"ಅದು ತೆಂಗು! ಇದು ಬದನೆ!"

"ಬದನೆಗೆ ಉಪ್ಪು ಆಗೂದಿಲ್ವಾ? ಪಲ್ಯಕ್ಕೆ ಹಾಕ್ತ್ರಲ್ಲ."

ಜಯಂತಿ ತಲೆ ಚಚ್ಚಿಕೊಂಡಳು. ಅಷ್ಟು ವಾರ ಅತ್ತದ್ದು, ಅಷ್ಟು ಜನರೆದುರು ಅವನ ಮಾನ ಕಳೆದದ್ದು. ಗಿಡ ಸತ್ತದ್ದು ಕಾಳಜಿ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಯಾರ ಮೇಲೆ ಸಿಟ್ಟು ಮಾಡುವುದು? ಉಳಿದ ಪೆಟ್ಟಿಗೆಗಳನ್ನೂ ಸುರಿದುಬಿಡುತ್ತೇನೆಂದು ಎತ್ತಿಕೊಂಡು ಬಚ್ಚಲ ಹಿಂದಕ್ಕೆ ಹೋದಳು.

ಹೋದವಳು ಅಲ್ಲೇ ನಿಂತಳು.

ಬೇಲಿಗೆ ತೂಗುಹಾಕಿದ್ದ ಹರಿದ ಬಲೆಯೊಂದು ಕಾಣಿಸಲೇ ಇಲ್ಲ. ಅದರ ಕಣ್ಣು ಕಣ್ಣಿನಲ್ಲೂ ಬಳ್ಳಿ ನುಗ್ಗಿ, ಅಂಗೈ ಅಗಲದ ಎಲೆಗಳು ಒಂದರ ಮೇಲೊಂದು ಬಿದ್ದು ಹೊಳೆಯುತ್ತಿದ್ದವು. ಕೊಸರಿಗೆ ಕೊಟ್ಟ ಬಸಳೆ. ಮಿಂದ ನೀರು ಕುಡಿದು, ಯಾರ ಕೈಯೂ ತಾಗದೆ, ಯಾರ ಮುಷ್ಟಿಯ ಪ್ರೀತಿಯೂ ಬೀಳದೆ ಬೆಳೆದಿತ್ತು.

"ಇದು ಯಾವಾಗ ಆತು?"

"ಯಾವಾಗ ಅಂದ್ರೆ?" ಗಣಪಿ ಹಿಂದೆಯೇ ಬಂದಿದ್ದಳು. "ಮೊನ್ನೆ ಬಸಳೆ ಶೆಟ್ಲಿ ಮೀನಿನ ಸಾರು ಮಾಡಿದ್ದೆ, ಎರಡು ಸಲ ಬಡಿಸ್ಕಂಡೆ. ಎಲ್ಲಿಂದ ಬಂತು ಅಂದ್ಕಂಡೆ?"

"ಪೇಟೆಯಿಂದ ತಂದದ್ದು ಅಂತ..."

"ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳ್ತ್ರಾ?" ಗಣಪಿ ಒಂದು ಚಿಗುರು ಚಿವುಟಿ ಮಡಿಲಿಗೆ ಹಾಕಿಕೊಂಡಳು. "ಇನ್ನಾದ್ರೂ ಆ ಕವರು ಕಳ್ಸು. ಕ್ಯಾಲೆಂಡರ್ ಹಾಳೆ ತಿರುಗ್ಸಿದಾಗೆಲ್ಲ ಕೆಳಗೆ ಬೀಳ್ತದೆ, ನಾನೇ ಎತ್ತಿ ಇಡೂದು."

ಜಯಂತಿ ಎತ್ತಿಕೊಂಡಿದ್ದ ಪೆಟ್ಟಿಗೆಗಳನ್ನು ಕೆಳಗಿಟ್ಟಳು. "ನಿಂಗೆ ಓದೂಕೆ ಬರೂದಿಲ್ಲ."

"ಬರೂದಿಲ್ಲ. ಆದ್ರೆ ಸ್ಟಾಂಪ್ ಹಚ್ಚಿದ್ದು ಮನೆಯಲ್ಲಿ ಇಡೂಕಲ್ಲ ಅಂತ ಗೊತ್ತದೆ."

ಜಯಂತಿ ಒಳಗೆ ಹೋಗಿ ಕವರು ತೆಗೆದಳು. ಬಸಳೆ ಬದುಕಿದೆ, ಮಾತು ನೆರವೇರಿತು ಎನ್ನಬಹುದಿತ್ತು. ಆದರೆ ಅದು ಅವಳು ನೆಟ್ಟದ್ದಲ್ಲ. ಸುಳ್ಳು ಹೇಳಿಕೊಂಡು ಆ ಮನೆಯ ಹಿತ್ತಲಿಗೆ ಹೇಗೆ ಇಳಿಯುವುದು? ಇನ್ನೊಂದು ಕಟ್ಟು, ಇನ್ನೊಂದು ವಾರ, ಮುಂದಿನ ಮಳೆಗಾಲ ಎಂದು ಕಾಯುವುದೇ? ಅಷ್ಟರಲ್ಲಿ ಇಡಗುಂಜಿಯಲ್ಲಿ ಇನ್ಯಾರದೋ ಹೆಸರು ಹೇಳಿಯಾಗಿರುತ್ತದೆ. ಕಾಯುವುದು, ಪರೀಕ್ಷೆ ಕೊಡುವುದು, ಯಾರೂ ಕೇಳದ ಪರೀಕ್ಷೆಯಲ್ಲಿ ತಾನೇ ಫೇಲಾಗುವುದು, ಎಲ್ಲವೂ ಅವಳಿಗೆ ಸಾಕುಸಾಕಾಗಿ ಹೋಯಿತು.

ಪೆನ್ನು ತೆಗೆದುಕೊಂಡು ಕಾಗದದ ಹಳೆಯ ಸಾಲಿನ ಕೆಳಗೆ ಬರೆದಳು:

ನಿನ್ನ ಸಸಿಗಳನ್ನು ಕೊಂದದ್ದು ನಾನೇ. ಬುಡಕ್ಕೆ ಉಪ್ಪುಮೀನಿನ ಪುಡಿ ಹಾಕಿದೆ. ಮುಂದಿನ ಸಂತೆಯಲ್ಲಿ, ನೀನು ಇಲ್ಲದಿದ್ದರೂ, ಎಲ್ಲರೆದುರು ನಾನೇ ಹೇಳುತ್ತೇನೆ. ಬಸಳೆ ಬದುಕಿದೆ, ಆದರೆ ಅದು ನೆಟ್ಟದ್ದಲ್ಲ, ಎಸೆದದ್ದು. ನನಗೆ ಕೈಗುಣ ಇಲ್ಲ. ಇಲ್ಲದಿದ್ದರೂ ಬರುತ್ತೇನೆ. ದೇವರ ಮುಂದೆ ನನ್ನ ಹೆಸರು ಹೇಳಲಿಕ್ಕೆ ಅವ್ವಿಗೆ ಹೇಳು.

ಗೋಂದು ಹುಡುಕಲಿಲ್ಲ. ಎರಡು ಅನ್ನದ ಅಗುಳು ಹಿಚುಕಿ ಕವರಿನ ಬಾಯಿ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ಬಾಡದ ಅಂಚೆ ಕಚೇರಿಯ ಎದುರಿನ ಕೆಂಪು ಡಬ್ಬಿಗೆ ಬಿಸಿಲು ನೇರ ಬೀಳುತ್ತಿತ್ತು. ಕವರನ್ನು ಡಬ್ಬಿಯ ಬಾಯಿಗೆ ಇಟ್ಟವಳು ಒಂದು ಗಳಿಗೆ ತಡೆದಳು. ಹಿಂದೆ ತೆಗೆದು ಮೂಸಿ ನೋಡಿದಳು. ಬಂಗಡೆಯ ನಾತ, ಗಾಢವಾಗಿ.

ಹೊಸ ಕವರು ತರಬೇಕೇನೋ ಎನಿಸಿತು. ಮರುಗಳಿಗೆಯೇ ಅವನು ಗದ್ದೆಯಿಂದ ಓಡಿ ಬರುವುದು ಕಣ್ಣಿಗೆ ಕಟ್ಟಿತು. ಕೆಸರುಗೈಯನ್ನು ಪಂಚೆಗೆ ಒರೆಸಿಕೊಂಡು ತೆಗೆದುಕೊಳ್ಳುತ್ತಾನೆ. ಒಡೆಯುವ ಮೊದಲೇ ಮೂಗಿಗೆ ಬಡಿಯುತ್ತದೆ, ಇದು ಕರೆಂಟ್ ಬಿಲ್ಲಲ್ಲ ಎಂದು ಗೊತ್ತಾಗುತ್ತದೆ. ಆ ಹುಬ್ಬು ಮೇಲೇರಿ ಅಲ್ಲೇ ನಿಲ್ಲುತ್ತದೆ.

ಜಯಂತಿ ಕವರು ಬಿಟ್ಟಳು. ಡಬ್ಬಿಯೊಳಗೆ ಅದು ತಳಕ್ಕೆ ಬಿದ್ದ ಸದ್ದು ಕೇಳಿಸಿತು.