ದಾಬ, ಧರ, ಸೋಡ

ನಮ್ಮ ಮನೆಯವರು ಅಕ್ಕೋಳದಲ್ಲಿ ಗ್ಯಾರೇಜು ಇಟ್ಟಿದ್ದ ಮಿಸ್ತ್ರಿ. ಬ್ರೇಕಿನೊಳಗಿನ ಗಾಳಿ ತೆಗೆಯುವಾಗ ಅವರು ಗಾಡಿಯ ಕೆಳಗೆ ಮಲಗುತ್ತಿದ್ದರು, ನಾನು ಪೆಡಲ್ ಒತ್ತುತ್ತಿದ್ದೆ. ಹುಕುಂ ಯಾವಾಗಲೂ ಮರಾಠಿಯಲ್ಲೇ: “ದಾಬ... ಧರ... ಸೋಡ.” ಒತ್ತು, ಹಿಡಿ, ಬಿಡು ಅಂತ.

ಅವರು ತೀರಿ ಮೂರು ವರ್ಷವಾಯಿತು. ಒಂದು ಕಾಲಕ್ಕೆ ರೇಸಿನಲ್ಲಿ ಓಡಿದ ಅವರ ಕೆಂಪು ಕಾರನ್ನು ಮಗಳು ಕೋಮಲ ದಿನಾ ಚಿಕ್ಕೋಡಿಗೆ ಕೆಲಸಕ್ಕೆ ಒಯ್ಯುತ್ತಾಳೆ. ಹೋದ ರವಿವಾರ ಅದರ ಪೆಡಲ್ ಮೆತ್ತಗಾಯಿತು.

“ಯವ್ವಾ, ಇವತ್ತ ಬ್ರೇಕ್ ಹಿಡೀಲಿಲ್ಲಂದ್ರ ಗಾಡಿ ಮಾರಿಬಿಡ್ತೀನಿ ನೋಡ,” ಅಂದಳು. ನಾನು ಸೆರಗಿನಿಂದ ಕಾರಿನ ಮೇಲಿನ ಧೂಳು ಒರೆಸಿದೆ.

ಮಧ್ಯಾಹ್ನ ಕಾರಿನ ಕೆಳಗೆ ನಟ್ಟು ತಿರುವುವ ಪಾನಾದ ಸಪ್ಪಳ ಕೇಳಿ, ಕೋಮಲ ರಿಪೇರಿ ಸುರು ಮಾಡಿದಳೆಂದು ನಾನು ಸೀಟಿನಲ್ಲಿ ಕೂತೆ. ಅಂಥ ಬಿಸಿಲಿನಲ್ಲೂ ಪೆಡಲ್ ಬರಿಗಾಲಿಗೆ ಬಾವಿ ನೀರಿನಷ್ಟು ತಣ್ಣಗಿತ್ತು.

“ದಾಬ,” ಅಂತ ಕೆಳಗಿನಿಂದ ಗೊಗ್ಗರು ದನಿ ಬಂತು.

“ಅಪ್ಪನ್ನ ಅಣಕಸ್ತಿ ಏನ ಹುಡಗಿ?” ಎಂದು ನಗುತ್ತ ಒತ್ತಿದೆ.

“ಧರ... ಸೋಡ.”

ದನಿ ಒಂದೊಂದಾಗಿ ನಾಲ್ಕೂ ಗಾಲಿಗಳ ಹತ್ತಿರದಿಂದ ಬಂತು. ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು.

ಆಗ ಗೇಟು ಕಿರ್ರೆಂದಿತು. ನಿಪ್ಪಾಣಿಯಿಂದ ಬ್ರೇಕ್ ಎಣ್ಣೆಯ ಬಾಟಲಿ ಹಿಡಿದು ಕೋಮಲ ಒಳಗೆ ಬಂದಳು. “ಆಗಲೇ ಕುಂತೀಯೇನ ಬೇ? ಸುರು ಮಾಡೂಣೇನ?”

“ಮೊದಲ ಒತ್ತಿ ನೋಡ,” ಎಂದು ಅವಳಿಗೆ ಸೀಟು ಬಿಟ್ಟುಕೊಟ್ಟೆ. ಪೆಡಲ್ ಗಟ್ಟಿಯಾಗಿದ್ದುದನ್ನು ಕಂಡು ಅವಳು ನನ್ನನ್ನೂ ಕೂರಿಸಿಕೊಂಡು ಗಾಡಿ ಹೊರಗೆ ತೆಗೆದಳು. ಯಡೂರಿನ ದಾರಿಯಲ್ಲಿ ಬ್ರೇಕ್ ಒತ್ತಿದಳು. ಕಾರು ಅತ್ತಿತ್ತ ಅಲುಗದೆ ನಿಂತಿತು. “ಮಾರೂದಿಲ್ಲ ಬೇ, ಸತ್ತರೂ ಮಾರೂದಿಲ್ಲ!” ಎಂದು ಹಾರನ್ ಒತ್ತಿ ಕುಣಿದಳು. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಆ ಬಾಟಲಿ ಕಪಾಟಿನಲ್ಲಿದೆ. ಸೀಲು ಇನ್ನೂ ಒಡೆದಿಲ್ಲ. ಕಾರಿನ ಬ್ರೇಕ್ ಎಣ್ಣೆಯ ಡಬ್ಬಿಯೊಳಗೆ ಮಾತ್ರ ಹೊಸ ಎಣ್ಣೆ ಗೆರೆಯ ತನಕ ತುಂಬಿದೆ.