ಕೊನೇ ಸಾಲಿನ ಪಿಸುಮಾತು

"ಏಳಿ. ಹೊರಗೆ ನಡೀರಿ."

ಟಾರ್ಚಿನ ಬೆಳಕು ನೇರ ಅವನ ಮುಖಕ್ಕೆ ಬಿತ್ತು. ಬೆಳಕು ಕಾಲಿಗೆ ಬೀಳಬೇಕು, ಮುಖಕ್ಕಲ್ಲ. ಇದು ಅವಳ ಕೆಲಸದ ಮೊದಲ ಪಾಠ. ಥಿಯೇಟರಿನಲ್ಲಿ ಸೀಟು ತೋರಿಸುವ ಈ ಹುಡುಗಿಯನ್ನು ಎಲ್ಲರೂ ಕರೆಯುತ್ತಿದ್ದದ್ದೇ ಟಾರ್ಚಮ್ಮ ಅಂತ. ಇಂದು ಸಿಟ್ಟಿನಲ್ಲಿ ಆ ಪಾಠವನ್ನೇ ಮರೆತಿದ್ದಳು.

ಮೂರು ದಿನದಿಂದ ಇದೇ ಗೋಳು. ಮಧ್ಯಾಹ್ನದ ಆಟ, ಕೊನೇ ಸಾಲಿನ ಮೂಲೆ ಸೀಟು. ಪರದೆಯ ಮೇಲೆ ನಾಯಕ ಬಾಯಿ ತೆರೆದರೆ ಸಾಕು, ಈತನೂ ಜೊತೆಗೆ ಗೊಣಗುತ್ತಾನೆ. ಎರಡು ಸಲ ಹೇಳಿದರೂ ಕೇಳಲಿಲ್ಲ.

"ಇನ್ನೊಂದೇ ಸೀನ್..." ಅವನು ಪಿಸುಗುಟ್ಟಿದ.

"ಬೇರೆಯವರೂ ಸಿನಿಮಾ ನೋಡೋಕೇ ಬಂದಿರೋದು."

ಅವನು ಎದ್ದ. ಬಾಗಿಲಾಚೆ ಹೋಗಿ ತಿರುಗಿ ನಿಂತ.

"ತಪ್ಪು ನನ್ನದೇ. ಆದ್ರೆ ಒಳಗಿರೋ ದನಿಯೂ ನನ್ನದೇ."

'ಎಂಥೆಂಥ ಕಥೆ ಕಟ್ತಾರಪ್ಪ...' ಅಂದುಕೊಂಡು ಅವಳು ಒಳಗೆ ಬಂದಳು. ಪರದೆಯ ಮೇಲೆ ನಾಯಕ ಮಾತಾಡುತ್ತಿದ್ದ.

ಈಗಷ್ಟೇ ಬಾಗಿಲಲ್ಲಿ ಕೇಳಿದ ಅದೇ ದನಿ... ಚಿತ್ರ ಬಂದಾಗಿನಿಂದ ಗೋಡೆಗೊರಗಿ, ಕಣ್ಮುಚ್ಚಿ ಅವಳು ಕೇಳುತ್ತಿದ್ದ ದನಿ.

ಹೊರಗೆ ಓಡಿದಳು. ಅವನಿರಲಿಲ್ಲ.

"ಅಯ್ಯೋ, ಅವರನ್ನಾ ಕಳಿಸಿದ್ದು?" ಮ್ಯಾನೇಜರ್ ತಲೆ ಚಚ್ಚಿಕೊಂಡರು. "ನಾಯಕನಿಗೆ ಡಬ್ಬಿಂಗ್ ಮಾಡಿದೋರು ಕಣಮ್ಮ. ಗಂಟಲಲ್ಲಿ ಗಡ್ಡೆ, ನಾಳೆ ಆಪರೇಷನ್. ಆಮೇಲೆ ದನಿ ಇರುತ್ತೋ ಇಲ್ವೋ, ಮೂರು ದಿನ ಅದರ ಜೊತೆ ಕೂರ್ತೀನಿ ಅಂದಿದ್ರು. ನಿನಗೆ ಹೇಳೋದೇ ಮರೆತೆ."

ಅವಳು ಮತ್ತೆ ಬಾಗಿಲತ್ತ ನೋಡಿದಳು. ಒಂದೇ ಒಂದು ಸೀನ್ ಕೇಳಿದ್ದ... ಅದನ್ನೂ ಕಿತ್ತುಕೊಂಡೆನಲ್ಲ.

ಅಂದಿನಿಂದ ಆ ಮೂಲೆ ಸೀಟಿಗೆ ಅವಳು ಯಾರನ್ನೂ ಕೂರಿಸಲಿಲ್ಲ. ಒಂದು ವಾರ ಕಳೆಯಿತು, ಎರಡು, ಮೂರು. ನಾಳೆ ಚಿತ್ರ ಬದಲಾಗುತ್ತದೆ. ಇಂದು ಬರದಿದ್ದರೆ ಅವನಿನ್ನು ಬರುವುದಿಲ್ಲ.

ಚಿತ್ರ ಮುಗಿಯಲು ಸ್ವಲ್ಪ ಹೊತ್ತಿರುವಾಗ ಬಾಗಿಲು ಸರಿಯಿತು. ಈ ಸಲ ಬೆಳಕು ಕಾಲಿಗೇ ಬಿತ್ತು. ಪರದೆಯ ಬೆಳಕಿನಲ್ಲಿ ಅವನ ಕತ್ತಿಗೆ ಸುತ್ತಿದ ಬಟ್ಟೆ ಕಂಡು ಅವಳ ಕಣ್ಣು ತುಂಬಿತು.

"ದನಿ...?"

"ಇಷ್ಟೇ ಉಳಿದಿರೋದು." ಬರೀ ಉಸಿರಿನಂಥ ಪಿಸುಮಾತು.

"ಇಲ್ಲಿ ಇದಕ್ಕಿಂತ ಜೋರಾಗಿ ಮಾತಾಡೋ ಹಾಗೂ ಇಲ್ಲ," ಅಂದಳು. "ನನ್ನನ್ನ ಕ್ಷಮಿಸ್ತೀರಾ?"

"ಎಲ್ರೂ ನಾಯಕನ ಮುಖ ನೋಡ್ತಿದ್ರು. ಕಣ್ಮುಚ್ಚಿ ನನ್ನ ದನಿ ಕೇಳ್ತಿದ್ದೋರು ನೀವೊಬ್ರೇ. ಮೂರು ದಿನವೂ ನೋಡಿದೀನಿ... ನಿಮಗೋಸ್ಕರವೇ ಬಂದೆ."

ಕೆಲಸದ ಹೊತ್ತಿನಲ್ಲಿ ಮೊದಲ ಬಾರಿಗೆ ಅವಳು ಕೂತಳು, ಅವನ ಪಕ್ಕದಲ್ಲಿ. ಅಂದು ಉಳಿದಿದ್ದ ಸೀನ್ ಬಂತು. ಅವನು ಪರದೆ ನೋಡಲಿಲ್ಲ, ಅವಳತ್ತ ತಿರುಗಿದ.

"ನೀನು ಪಕ್ಕದಲ್ಲಿದ್ರೆ, ನಾನು ಮಾತಿಲ್ದೇನೂ ಬದುಕ್ತೀನಿ."

"ಇದು... ಸಿನಿಮಾದ್ದಾ, ನಿಮ್ಮದಾ?"

"ನಂದು."

ಮುಂದಿನ ಸಾಲಿನ ಅಜ್ಜಿ ತಿರುಗಿದರು. "ಶ್... ಸ್ವಲ್ಪ ಸುಮ್ನಿರ್ತೀರಾ?"

"ಕ್ಷಮಿಸಿ ಅಜ್ಜಿ," ಅನ್ನುತ್ತ ಟಾರ್ಚಮ್ಮ ಟಾರ್ಚು ಆರಿಸಿ, ಅವನ ಕಿವಿಯತ್ತ ಬಾಗಿದಳು.

"ಇನ್ನೊಂದ್ಸಲ ಹೇಳಿ."