ಹೊಳೆಯನ್ನು ಕಾಗದಕ್ಕಿಳಿಸಿದ ಮಾಯಾವಿ

ಬಹಳ ಹಿಂದೆ, ದಟ್ಟ ಕಾಡುಗಳ ನಡುವೆ ತೊರೆನಾಡು ಎಂಬ ರಾಜ್ಯವಿತ್ತು. ಅಲ್ಲಿನ ಹೊಳೆಯ ಮೇಲೆ ಮುಂಜಾನೆ ಮಂಜು ಕವಿದರೆ ನೋಡಲು ಎರಡು ಕಣ್ಣು ಸಾಲದು. ವರ್ಣಭದ್ರನೆಂಬ ಮಾಯಾವಿಗೆ ಆ ಚೆಲುವು ತನ್ನೊಬ್ಬನದೇ ಆಗಬೇಕೆನಿಸಿತು. ನೀರಿನಲ್ಲಿ ಬಣ್ಣ ಕಲಸಿ, ಹೊಳೆಯನ್ನು ಮರಗಳ ಸಮೇತ ಕಾಗದದ ಮೇಲೆ ಬರೆದ. ಬರೆದು ಮುಗಿಸುವಷ್ಟರಲ್ಲಿ ನಾಡಿನ ಹೊಳೆ ಬರಿದಾಗಿ ಚಿತ್ರದೊಳಗೆ ಹರಿಯತೊಡಗಿತು. ಆಗ ದೋಣಿ ನಡೆಸುತ್ತಿದ್ದ ಅಂಬಿಗ ಮಾಚಯ್ಯನೂ ಅದರೊಳಗೆ ಸಿಕ್ಕಿಕೊಂಡ.

ಬಾವಿಗಳೂ ಬತ್ತಿದವು. ಮೊದಲು ಸೇನಾಪತಿ ಮಾಯಾವಿಯ ಮನೆಗೆ ಬಂದು ಚಿತ್ರವನ್ನು ಸೀಳಲು ಕತ್ತಿ ಎತ್ತಿದ. ಒಳಗಿಂದ ಮಾಚಯ್ಯ ಚೀರಿದ್ದರಿಂದ ಇಳಿಸಿದ. ಆಮೇಲೆ ರಾಜಪುರೋಹಿತ ಬಂದು ಮೂರು ದಿನ ಮಂತ್ರ ಹೇಳಿದ. ಅವನ ಗಂಟಲು ಒಣಗಿತೇ ಹೊರತು ಚಿತ್ರದ ಒಂದೆಲೆಯೂ ಅಲುಗಲಿಲ್ಲ. ಮೂರನೆಯವಳಾಗಿ ಬಂದವಳು ಮಾಚಯ್ಯನ ಹೆಂಡತಿ ಸಂಕವ್ವ. ನೂಲಿಗೆ ಬಣ್ಣ ಹಾಕುವುದು ಅವಳ ಕಸುಬು. ಕಂಡದ್ದನ್ನೆಲ್ಲ ಮುಟ್ಟಿ ನೋಡುವುದು ಅವಳ ಚಾಳಿ.

"ನೋಡು, ಬೇಕಾದಷ್ಟು ನೋಡು," ಎಂದು ವರ್ಣಭದ್ರ ನಕ್ಕ.

ಸಂಕವ್ವ ಬೆರಳನ್ನು ಎಂಜಲು ಮಾಡಿ, ಹೊಸ ಸೀರೆಯನ್ನು ಪರೀಕ್ಷಿಸುವಂತೆ ಚಿತ್ರದ ಮೂಲೆಯನ್ನು ಉಜ್ಜಿದಳು. ಬೆರಳಿಗೆ ಹಸಿರು ಹತ್ತಿತು. ಈ ಬಣ್ಣ ನೀರಿಗೆ ಬಿಡುತ್ತದೆ. ಆದರೆ ನೀರು ಸುರಿದಾಗ ಗಂಡನೂ ಕರಗಿಹೋದರೆ? ಮತ್ತೆ ಬಗ್ಗಿ ನೋಡಿದಳು. ಮಂಜು ಇದ್ದ ಕಡೆ ಬಣ್ಣವೇ ಇರಲಿಲ್ಲ. ಮಾಯಾವಿ ಅಲ್ಲಿ ಬಿಳಿಯ ಕಾಗದವನ್ನು ಹಾಗೇ ಬಿಟ್ಟಿದ್ದ. ಅಲ್ಲಿ ತೊಳೆದುಹೋಗಲು ಏನೂ ಇರಲಿಲ್ಲ.

"ಏನೂಂದ್ರೆ, ದೋಣಿ ಬಿಟ್ಟು ಮಂಜಿನೊಳಗೆ ಹೋಗಿ ನಿಲ್ಲಿ," ಎಂದು ಪಿಸುಗುಟ್ಟಿದಳು.

"ಇಲ್ಲಿ ಕಾಲಿಗೆ ನೆಲಾನೇ ಸಿಗ್ತಿಲ್ವಲ್ಲೇ," ಎಂದು ಮಾಚಯ್ಯನ ದನಿ ಕೇಳಿತು.

"ಸಿಗೋದಿಲ್ಲ. ನಾನಿದ್ದೀನಿ, ನಿಲ್ಲಿ."

ಚಿತ್ರದ ದೋಣಿ ಖಾಲಿಯಾಯಿತು. ಕೂಡಲೇ ಸಂಕವ್ವ ಮಾಯಾವಿಯ ಕುಂಚ ಅದ್ದುವ ನೀರಿನ ಬಟ್ಟಲನ್ನೆತ್ತಿ ಚಿತ್ರದ ಮೇಲೆ ಸುರಿದಳು. ಮರಗಳು ಕರಗಿದವು, ದಡ ಕರಗಿತು. ಹೊಳೆ ಕಾಗದದಿಂದ ಹೊರಬಿದ್ದು, ಮನೆಯ ಮೆಟ್ಟಿಲಿಳಿದು, ತನ್ನ ಹಳೆಯ ಪಾತ್ರಕ್ಕೆ ಧುಮುಕಿತು. ಅದರ ಎರಡೂ ದಡದಲ್ಲಿ ಮರಗಳು ಎದ್ದುನಿಂತವು. ಹೊಳೆಯನ್ನು ತಡೆಯಲೆಂದು ವರ್ಣಭದ್ರ ಕಾಗದದೊಳಕ್ಕೆ ಹಾರಿದ. ಬರೀ ಬಿಳಿಯಲ್ಲಿ ಅವನಿಗೆ ದಾರಿ ಎಲ್ಲಿ ಸಿಗಬೇಕು? ಕಿವಿಯಿಟ್ಟರೆ ಈಗಲೂ ಅವನು ಗೊಣಗುವುದು ಕೇಳುತ್ತದಂತೆ.

ದೋಣಿಯೂ ಹೊರಬಂತು, ಖಾಲಿಯಾಗಿ ಸಾಗಿಹೋಯಿತು. ಸಂಕವ್ವ ಕಾಗದವನ್ನೇ ನೋಡುತ್ತ ಗಂಡನನ್ನು ಕೂಗಿದಳು. ಕೊನೆಗೆ ಆ ದನಿ ಹಿಡಿದು ಮಂಜಿನೊಳಗಿಂದ ಮಾಚಯ್ಯ ಹೆಜ್ಜೆ ಇಟ್ಟು ಬಂದ. ಮೈಮೇಲೆ ಒಂದು ಹನಿ ನೀರಿರಲಿಲ್ಲ.

"ನನ್ನ ದೋಣಿ ಎಲ್ಲೇ?" ಎಂದ.

ಸಂಕವ್ವ ಮೊದಲು ಅತ್ತಳು, ಆಮೇಲೆ ಬೈದಳು. ಬೈಯುತ್ತಲೇ ಅವನ ಕೈಹಿಡಿದುಕೊಂಡು ದೋಣಿಯ ಹಿಂದೆ ದಡದುದ್ದಕ್ಕೂ ಓಡಿದಳು. ಆ ವರ್ಷ ತೊರೆನಾಡಿನಲ್ಲಿ ಬೆಳೆ ತುಂಬಿ ಬಂತು, ಎಲ್ಲರೂ ಹೊಟ್ಟೆತುಂಬ ಉಂಡು ನೆಮ್ಮದಿಯಾಗಿದ್ದರು.